ಎರಡನೆಯ ಸೂಜಿ

ಸಾಸವಡದಾಚೆ, ಸೀತಾಫಲದ ತೋಟ ಮುಗಿಯುವಲ್ಲಿ
ಈರುಳ್ಳಿ ಕಿತ್ತ ಹೊಲದಲ್ಲಿ ಹಿಂಡು ಕೂತಿತ್ತು.
ದೂರದಿಂದ ಮೊದಲು ಕಂಡದ್ದು ಕುರಿಯಲ್ಲ, ಬೇಲಿ.
ಜಾಲಿಮುಳ್ಳಿಗೆಲ್ಲ ಕರಿಯುಣ್ಣೆ ಜೋತುಬಿದ್ದು
ಬೇಲಿಗೇ ಮೈತುಂಬ ಕೂದಲು ಬಂದಂತೆ.
ಕುರಿಗಳು ಅಲ್ಲಲ್ಲಿ ಬೋಳು,
ಸುಟ್ಟ ರೊಟ್ಟಿಯ ಹಾಗೆ ಚರ್ಮ.

ಠಕೂಬಾಯಿ ಕೊಳಪೆ. ಜತ್ತದ ಕಡೆಯವಳು.
ನನ್ನ ಮರಾಠಿ ಎರಡು ವಾಕ್ಯ ಕೇಳಿ, ನಕ್ಕು,
ಕನ್ನಡಕ್ಕೆ ಇಳಿದಳು:
“ಮೇಯಾಕ ಬಿಟ್ರ ಮೇಯೂದಿಲ್ಲ, ಅಕ್ಕಾ.
ಕಲ್ಲು ಹುಡುಕತಾವ, ಗೂಟ ಹುಡುಕತಾವ,
ಹಗಲೆಲ್ಲ ತಿಕ್ಕೂದೊಂದ ಕೆಲಸ.
ಹಾಲು ಎಲ್ಲಿಂದ ಬರಬೇಕು?”

ಹಾಲು ಬಾರದ ಲೆಕ್ಕ ಅವಳ ಮಡಿಲಲ್ಲಿತ್ತು:
ಐದು ದಿನದ ಮರಿ, ಎತ್ತಿಕೊಂಡರೆ
ತೂಕಕ್ಕಿಂತ ಮೊದಲು ಎಲುಬು ಕೈಗೆ ಸಿಗುವಂಥದು.

ತಾಯಿಯ ಬೆನ್ನಿಗೆ ಬೆರಳಿಟ್ಟು ಕೆರೆದೆ.
ಕತ್ತು ಚಾಚಿತು, ಕಣ್ಣು ಅರೆಮುಚ್ಚಿತು,
ತುಟಿ ಪಟಪಟ ಆಡತೊಡಗಿತು,
ಗಾಳಿಯಲ್ಲೊಂದು ಸೊಪ್ಪಿನ ಗಿಡ ಇದೆಯೆಂಬಂತೆ.
ಅವಳ ಮೊಮ್ಮಗ ಬಿರಾ ಚಪ್ಪಾಳೆ ತಟ್ಟಿದ:
“ಅಜ್ಜಿ, ಡಾಕ್ಟರಬಾಯಿ ಕುರೀನ ನಗಿಸಿದ್ಲು!”
ನಗುವಲ್ಲ ಮಗಾ.
ಕೆರೆದರೆ ತುಟಿಯಾಡಿಸುವ ಕುರಿ
ಮೈಮೇಲೆ ಯಾರು ಬಿಡಾರ ಹೂಡಿದ್ದಾರೆಂದು
ಬಾಯಿಬಿಟ್ಟು ಹೇಳುತ್ತಿರುತ್ತದೆ.

ಹಕ್ಕಳೆಯ ನಡುವಿನಿಂದಲ್ಲ, ಅಂಚಿನಿಂದ
ಬ್ಲೇಡಿನಲ್ಲಿ ಕೆರೆದು ಸೀಸೆಗೆ ಹಾಕಿದೆ.
ನಡುವೆ ಅವು ಉಂಡು ಎದ್ದು ಹೋಗಿರುತ್ತವೆ,
ಹೊಸ ಊರು ಯಾವಾಗಲೂ ಅಂಚಿನಲ್ಲಿ.
ಆಸ್ಪತ್ರೆಯ ಮಸೂರದಡಿ ಸಿಕ್ಕಿತು:
ಗಸಗಸೆಗಿಂತ ಸಣ್ಣ ನುಸಿ,
ಎಂಟು ಕಾಲು, ಮುತ್ತಿನ ಬಣ್ಣ. ಚೆಂದವೇ ಅನ್ನಬೇಕು.
ಅದು ಮಾಡಿದ್ದಕ್ಕಿಂತ
ಮೈ ಸಿಟ್ಟಾಗಿ ಮಾಡಿಕೊಂಡದ್ದೇ ಹೆಚ್ಚು:
ಒಸರಿದ್ದು, ಒಣಗಿದ್ದು, ತಿಕ್ಕಿ ಮತ್ತೆ ಒಸರಿದ್ದು.

ಎಂಬತ್ತಮೂರು ಕುರಿ, ಮರಿಯೂ ಸೇರಿ.
ಚರ್ಮ ಚಿವುಟಿ ಹಿಡಿದು ಒಂದೊಂದಕ್ಕೂ ಸೂಜಿ.
ಬೇಲಿಯ ಉಣ್ಣೆ ಸುಡಿ ಅಂದೆ,
ಜಾಗ ಬದಲಿಸಿ, ಹದಿನಾಲ್ಕನೆಯ ದಿನ ಮತ್ತೆ ಬರುತ್ತೇನೆ,
ಮೊಟ್ಟೆಗೆ ಈ ಮದ್ದು ನಾಟುವುದಿಲ್ಲ,
ಅಲ್ಲಿಯವರೆಗೆ ಒಂದನ್ನೂ ಮಾರಬೇಡಿ.
ಠಕೂಬಾಯಿ ಉಣ್ಣೆಯನ್ನು ನೋಡಿದಳು.
“ಕಂಬಳಿ ಆಗ್ತಿತ್ತು,” ಅಂದಳು. ಕಡ್ಡಿ ಗೀರಿದಳು.

ಕೊಂಢವಾದಿಂದ ಸ್ಕೂಟರಿನಲ್ಲಿ ಬಂದವನು
ಅರ್ಧ ಬೆಲೆ ಹೇಳಿ, ಗೇಟಿನಲ್ಲೇ ನಿಂತು, ಮತ್ತೆ ಅರ್ಧ ಹೇಳಿ ಹೋದನಂತೆ.
ಹೊಲದ ಧನಿ ಗೊಬ್ಬರಕ್ಕೆಂದು ಕೂರಿಸಿದವನು
ಸುದ್ದಿ ತಿಳಿದು, ಇನ್ನೊಂದು ರಾತ್ರಿ ಬೇಡವೆಂದ.
ಒಪ್ಪಿದ ಜೋಳದಲ್ಲಿ ಒಂದು ಪಾಯಲಿ ಹಿಡಿದುಕೊಂಡ.
ಬಿದ್ದ ಗೊಬ್ಬರ ಮಾತ್ರ ವಾಪಸು ಕೊಡಲಿಲ್ಲ.

ಆ ರಾತ್ರಿ ಹಡಪಸರದ ಮನೆಯಲ್ಲಿ
ಎರಡು ಸಲ ಮಿಂದೆ. ಬಟ್ಟೆ ಕುದಿಸಿದೆ.
ಕುರಿಯ ನುಸಿ ಮನುಷ್ಯರ ಮೇಲೆ ಬಾಳದು,
ಊರೂರಿಗೆ ಹೋಗಿ ಹಾಗೆಂದು ಹೇಳುವವಳೇ ನಾನು.
ಆದರೂ ಮೊಣಕೈ, ಆಮೇಲೆ ಕತ್ತಿನ ಹಿಂದೆ,
ಆಮೇಲೆ ಬೆರಳು ಮುಟ್ಟದ ಬೆನ್ನಿನ ಆ ಒಂದು ಜಾಗ.
ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ತಿಕ್ಕುತ್ತ
ಕನ್ನಡಿಯಲ್ಲಿ ನೋಡಿಕೊಂಡೆ,
ನನ್ನ ತುಟಿ ಆಡುತ್ತಿದೆಯೇ ಎಂದು.

ಹದಿನಾಲ್ಕನೆಯ ದಿನ ಹಿಂಡು
ಜೇಜುರಿಯ ರಸ್ತೆಗೆ ಸರಿದಿತ್ತು.
ಎಂಬತ್ತಮೂರಕ್ಕೆ ಅಳೆದು ತಂದ ಮದ್ದಿನಲ್ಲಿ
ಎರಡರದು ಸೀಸೆಯ ತಳದಲ್ಲಿ ಉಳಿಯಿತು.
ಠಕೂಬಾಯಿಯ ಮಡಿಲಲ್ಲಿ ತಂಬಾಕಿನ ಸಂಚಿ.
ಅವಳು ಹೇಳಲಿಲ್ಲ. ನಾನು
ಸೀಸೆಯನ್ನು ಬೆಳಕಿಗೆ ಹಿಡಿದು ಸುಮ್ಮನೆ ಅಲುಗಿಸಿದೆ.

ತಾಯಿಕುರಿಯ ಬೋಳು ಬೆನ್ನಿನ ಮೇಲೆ
ನವಣೆಯ ಮೊಳಕೆಯಷ್ಟು ಕಪ್ಪು ಚಿಗುರು.
ಕೆರೆದೆ.
ತಿರುಗಿ ನೋಡಿತು, ಏನು ಬೇಕಿತ್ತು ಎಂಬಂತೆ,
ಹೆಗಲು ಕೊಡವಿ, ಎರಡು ಹೆಜ್ಜೆ ಸರಿದು
ನಿಜವಾದ ಹುಲ್ಲಿಗೆ ಬಾಯಿ ಹಾಕಿತು.

ಬಿರಾನ ಮೋರೆ ಸಪ್ಪಗಾಯಿತು:
“ಅಜ್ಜಿ, ಈಗ ನಗವಲ್ದು.”